ಅನುವಾದದ ಆ್ಯಪ್: ನೋಟೀಸಿಗೆ ಸಾಕು, ಇಬ್ರಿಯರ ಇತಿಹಾಸಕ್ಕೆ ಸಾಲದು (5ಕ್ಕೆ 3)

ಮಲಯಾಳದ ಸುತ್ತೋಲೆ, ಪಂಚಾಯತ್ ನೋಟೀಸು, ಪರೀಕ್ಷೆಯ ವೇಳಾಪಟ್ಟಿ ಇವನ್ನೆಲ್ಲ ಕನ್ನಡಕ್ಕೆ ತರಲು ಈ ಫೋನ್ ಆ್ಯಪ್ ಧಾರಾಳ ಸಾಕು. ಕಾಸರಗೋಡು, ಕುಂಬಳೆ ಕಡೆಯ ಕನ್ನಡ ಮಾಧ್ಯಮದ ಅಧ್ಯಾಪಕರು ಇಬ್ರಿಯರ, ಅಂದರೆ ಬೈಬಲಿನ ಕಾಲದ ಇಸ್ರಾಯೇಲ್ ಜನರ, ಇತಿಹಾಸದ ನೋಟ್ಸಿಗೂ ಇದನ್ನೇ ನೆಚ್ಚಿಕೊಂಡರೆ ಕೆಲಸ ಕೆಡುತ್ತದೆ.

ಇಂಗ್ಲಿಷಿನ ‘ಇಸ್ರೇಲೈಟ್’ ಎಂಬ ವಿಶೇಷಣಕ್ಕೆ ಆ್ಯಪ್ ಕೊಡುವುದು ‘ಇಸ್ರೇಲಿ’. ಅದು 1948ರಲ್ಲಿ ಹುಟ್ಟಿದ ದೇಶದ ಪ್ರಜೆಗೆ ಸಲ್ಲುವ ಮಾತು; ಅಲ್ಲಿನ ಪೌರತ್ವವಿರುವ ಅರಬನೂ ಇಸ್ರೇಲಿಯೇ. ‘ಇಸ್ರೇಲಿ ರಾಜ ದಾವೀದ’ ಎಂದು ಬರೆದರೆ ಬೈಬಲಿನ ಕಾಲದ ದಾವೀದನ ಕೈಗೆ ಪಾಸ್‌ಪೋರ್ಟ್ ಕೊಟ್ಟ ಹಾಗೆ. ಪ್ರಾಚೀನ ಜನಾಂಗಕ್ಕೆ ಕನ್ನಡ ಬೈಬಲು ರೂಢಿಗೆ ತಂದ ‘ಇಸ್ರಾಯೇಲ್ಯ’ ಇದ್ದೇ ಇದೆ. ಪತ್ರಿಕೆಗಳಲ್ಲಿ ಇಂದಿನ ದೇಶದ ಸುದ್ದಿಯೇ ತುಂಬಿರುವುದರಿಂದ ಯಂತ್ರಕ್ಕೆ ಅದೊಂದೇ ರೂಪ ನಾಲಗೆಗೆ ಬರುತ್ತದೆಂದು ಕಾಣುತ್ತದೆ.

‘ಹೀಬ್ರೂ’ ಭಾಷೆಯ ಹೆಸರಾಗಿ ಬಂದಾಗ ತಪ್ಪಿಲ್ಲ. ಜನರ ಬಗ್ಗೆ ಹೇಳುವಾಗ ‘ಇಬ್ರಿಯ’ ಬೇಕು. ಬೈಬಲಿನಲ್ಲಿ ಈ ಪದ ಹೆಚ್ಚಾಗಿ ಹೊರಗಿನವರ ಎದುರಲ್ಲೇ ಬರುತ್ತದೆ: ಐಗುಪ್ತದವರು (ಈಜಿಪ್ಟಿನವರು), ನೆರೆಯ ಫಿಲಿಷ್ಟಿಯರು ಇಸ್ರಾಯೇಲ್ಯರನ್ನು ಕರೆಯುವುದು ಹಾಗೆ, ಹಡಗಿನವರು ಕೇಳಿದಾಗ ಪ್ರವಾದಿ ಯೋನನೂ ತಾನು ಇಬ್ರಿಯನೆಂದೇ ಹೇಳುತ್ತಾನೆ. ಆ್ಯಪ್ ಎಷ್ಟೋ ಹಿಂದಿನ ಮೋಶೆಯ ಕಾಲದವರನ್ನೂ ‘ಯಹೂದಿ’ ಮಾಡಿಬಿಡುತ್ತದೆ. ಆ ಹೆಸರು ಯೆಹೂದ ರಾಜ್ಯದಿಂದ ಬಂದದ್ದು, ಕ್ರಿ.ಪೂ. 586ರಲ್ಲಿ ಅದರ ರಾಜಧಾನಿ ಯೆರೂಸಲೇಮು ಬಿದ್ದ ಮೇಲಿನ ಕಾಲಕ್ಕೆ ಅದು ಚೆನ್ನಾಗಿ ಒಪ್ಪುತ್ತದೆ.

ಮಲಯಾಳದಿಂದ ತರುವಾಗಿನ ಅವಾಂತರವೇ ಬೇರೆ. ‘ಹೀಬ್ರೂ’ಗೆ ಅಲ್ಲಿ ಬಳಸುವ ‘ಎಬ್ರಾಯ’ವನ್ನು ಲಿಪಿ ಮಾತ್ರ ಬದಲಿಸಿ ಹಾಗೇ ಬಿಡುತ್ತದೆ. ಓದುವ ಮಗು ಅದನ್ನು ಯಾರದೋ ಹೆಸರೆಂದುಕೊಂಡರೆ ಆಶ್ಚರ್ಯವಿಲ್ಲ.

‘ನನ್ನ ಪದಗಳು’ ಎಂಬ ಆ್ಯಪಿನ ಪಟ್ಟಿಯಲ್ಲಿ ಮೂಲ ಪದ, ಅದಕ್ಕೆ ಬೇಕಾದ ಕನ್ನಡ ಪದ ಎರಡನ್ನೂ ಜೋಡಿಯಾಗಿ ಸೇರಿಸಿದರೆ ಮುಕ್ಕಾಲು ತೊಂದರೆ ನೀಗುತ್ತದೆ. ಆದರೆ ‘ಇಸ್ರಾಯೇಲ್ಯ’ ಒಂದನ್ನೇ ಹಾಕಿದರೆ ವಿಭಕ್ತಿ ಅಂಟುವುದಿಲ್ಲ, ‘ಇಸ್ರಾಯೇಲ್ಯ ಗೆ’ ಎಂದು ಒಡೆದುಕೊಂಡು ಬರುತ್ತದೆ. ಇಸ್ರಾಯೇಲ್ಯರು, ಇಸ್ರಾಯೇಲ್ಯರ, ಇಸ್ರಾಯೇಲ್ಯರಿಗೆ ಎಂದು ಬಹುವಚನದ ರೂಪಗಳನ್ನು ಬೇರೆಬೇರೆಯಾಗಿ ಕೊಡಿ. ಇತಿಹಾಸಕ್ಕೊಂದು, ಸುದ್ದಿಗೊಂದು ಪಟ್ಟಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ಇವತ್ತಿನ ಟೆಲ್ ಅವೀವ್ ಸುದ್ದಿಯಲ್ಲೂ ಇಸ್ರಾಯೇಲ್ಯರು ನುಗ್ಗುತ್ತಾರೆ. ಹುಡುಕುವಾಗ ‘ಇಸ್ರೇಲ್’, ‘ಇಸ್ರಾಯೇಲ್’ ಎರಡೂ ಕಾಗುಣಿತ ಹಾಕಿ ನೋಡಬೇಕು, ಒಂದು ಕೊಟ್ಟರೆ ಇನ್ನೊಂದು ಸಿಗದು. ನೆಟ್ ಇಲ್ಲದೆ ಬಳಸಿದರೆ ಈ ಪಟ್ಟಿ ಯಾವುದೂ ಕೆಲಸ ಮಾಡುವುದಿಲ್ಲ, ಕಡಿಮೆಯಾದ ಎರಡು ನಕ್ಷತ್ರಗಳಲ್ಲಿ ಒಂದು ಹೋದದ್ದು ಅದಕ್ಕೇ.