ಕಡಲ ಮಧ್ಯೆ ಕುಡಿಯುವ ನೀರು: ಕಥೆಗಾಗಿ ಮೂರು ದಾರಿ ಪರೀಕ್ಷೆ ಮಾಡಿ ನೋಡಿದೆ

ಹದಿಹರೆಯದವರಿಗಾಗಿ ಒಂದು ವೈಜ್ಞಾನಿಕ ಕಾದಂಬರಿ ಬರೆಯುತ್ತಿದ್ದೇನೆ. 16 ವರ್ಷದ ಹುಡುಗಿ, ಅವಳ ಪುಟ್ಟ ತಮ್ಮ, ಒಂದು ಸಣ್ಣ ಹಾಯಿದೋಣಿ. ದಡದ ಮೇಲಿನ ಲೋಕ ಮುಗಿದುಹೋಗಿದೆ, ಯಾವ ಬಂದರಿನಿಂದಲೂ ರೇಡಿಯೋಗೆ ಉತ್ತರ ಬರುತ್ತಿಲ್ಲ. ಮೊದಲ ಕರಡು ಓದಿದ ಅಕ್ಕನ ಮಗಳು ಕೇಳಿದ್ದು ಒಂದೇ ಪ್ರಶ್ನೆ: "ನಲವತ್ತು ದಿನ ಆಯ್ತಲ್ಲ, ಇವರು ಏನು ಕುಡೀತಿದ್ದಾರೆ?" ದೋಣಿಯಲ್ಲಿ ನೀರು ಶುದ್ಧ ಮಾಡುವ ಯಂತ್ರ ಇತ್ತು ಅಂತ ನಾನು ಒಂದು ಸಾಲು ಬರೆದು ಮುಂದೆ ಹೋಗಿದ್ದೆ. ಅವಳಿಗೆ ಅದು ಸಾಕಾಗಲಿಲ್ಲ. ಸಾಕಾಗಬಾರದು ಕೂಡ.

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದೆ. ಅಷ್ಟು ಗಟ್ಟಿ ಉಪ್ಪನ್ನು ಹಾಗೇ ಹೊರಗೆ ಹಾಕುವ ಶಕ್ತಿ ನಮ್ಮ ಮೂತ್ರಪಿಂಡಕ್ಕಿಲ್ಲ. ಒಂದು ಲೋಟ ಕುಡಿದರೆ ಆ ಉಪ್ಪು ತೊಳೆಯಲು ಲೋಟಕ್ಕಿಂತ ಜಾಸ್ತಿ ನೀರು ಮೈಯಿಂದ ಹೋಗುತ್ತದೆ. ಹಾಗಾಗಿ ಉಪ್ಪು ಬಿಡಿಸಬೇಕು, ಇಲ್ಲ ಮಳೆ ಹಿಡಿಯಬೇಕು. ಕುದಿಸಿ ಆವಿ ಹಿಡಿಯುವುದನ್ನು ನಾನು ಪರೀಕ್ಷಿಸಲೇ ಇಲ್ಲ, ದೋಣಿಯಲ್ಲಿ ತಿಂಗಳುಗಟ್ಟಲೆ ಉರಿಸುವಷ್ಟು ಇಂಧನ ಎಲ್ಲಿಂದ ಬರಬೇಕು?

ಮೊದಲು ಬಿಸಿಲು. ಅಗಲವಾದ ಟ್ರೇಯಲ್ಲಿ ಕಪ್ಪು ಬಟ್ಟೆ ಹಾಸಿ, ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಉಪ್ಪುನೀರು ಸುರಿದು, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿದು, ಹಾಳೆಯ ನಡುವೆ ಕಲ್ಲಿಟ್ಟು ಕೆಳಗೊಂದು ಬಟ್ಟಲು ಇಟ್ಟೆ. ಬಿಸಿಲಿಗೆ ಎದ್ದ ಆವಿ ಹಾಳೆಗೆ ತಾಗಿ, ಹನಿಯಾಗಿ ಬಟ್ಟಲಿಗೆ ಇಳಿಯಬೇಕು. ಟ್ರೇಯ ವಿಸ್ತೀರ್ಣ ಚದರ ಮೀಟರಿನ ಐದನೇ ಒಂದು ಭಾಗ. ಚೆನ್ನಾಗಿ ಬಿಸಿಲಿದ್ದ ದಿನ ಸಂಜೆಗೆ ಸಿಕ್ಕಿದ್ದು 340 ಮಿಲಿಲೀಟರ್. ಮೋಡದ ದಿನ 60. ಹನಿ ಹನಿ ಕೂಡಿದರೆ ಹಳ್ಳ ಅನ್ನುತ್ತೇವೆ, ಇಲ್ಲಿ ದಿನವಿಡೀ ಕೂಡಿದರೂ ಒಂದು ದೊಡ್ಡ ಲೋಟ. ಅದೂ ನೆಲದ ಮೇಲೆ, ಅಲುಗಾಡದೆ. ಟ್ರೇ ತುದಿ ಹಿಡಿದು ಅಲೆಯ ಹಾಗೆ ಮೆಲ್ಲಗೆ ಅಲ್ಲಾಡಿಸಿದೆ. ಮೂರನೇ ಸಲಕ್ಕೇ ಉಪ್ಪುನೀರು ಬಟ್ಟಲಿಗೆ ಚಿಮ್ಮಿತು, ಇಡೀ ದಿನದ ನೀರು ಹೋಯಿತು.

ಹೀಗೆ ಬಿಸಿಲಿನಿಂದ ಆವಿ ಹಿಡಿಯುವ ಸಾಧನಕ್ಕೆ ಸೋಲಾರ್ ಸ್ಟಿಲ್ ಅನ್ನುತ್ತಾರೆ. ಜೀವರಕ್ಷಕ ತೆಪ್ಪಗಳಿಗೆಂದೇ ಮಾಡಿದ, ಬಲೂನಿನ ಹಾಗೆ ಊದಿಸುವ ಸ್ಟಿಲ್‌ಗಳು ಇದಕ್ಕಿಂತ ಎಷ್ಟೋ ವಾಸಿ. 1982ರಲ್ಲಿ ಸ್ಟೀವನ್ ಕ್ಯಾಲಹನ್ ಅಟ್ಲಾಂಟಿಕ್‌ನಲ್ಲಿ 76 ದಿನ ಒಬ್ಬರೇ ತೇಲಿದ್ದು ಮುಖ್ಯವಾಗಿ ಅಂಥವುಗಳ ನೀರು ಕುಡಿದೇ. ಅವರಿಗೆ ದಿನಕ್ಕೆ ಸಿಗುತ್ತಿದ್ದದ್ದು ಸುಮಾರು ಅರ್ಧ ಲೀಟರ್. ಅದಕ್ಕೂ ಸದಾ ಕಾವಲಿದ್ದು, ತೂತು ಮುಚ್ಚುತ್ತಾ ಕೂರಬೇಕಿತ್ತು. ಒಬ್ಬರು ಹೇಗೋ ಬದುಕಬಹುದು. ನನ್ನ ದೋಣಿಯಲ್ಲಿ ಇಬ್ಬರಿದ್ದಾರೆ.

ಎರಡನೆಯದು ಉಪ್ಪು ಬಿಡಿಸುವ ಕೈಪಂಪು. ಹಾಯಿದೋಣಿ ನಡೆಸುವ ಗೆಳೆಯನೊಬ್ಬ ಎರಡು ದಿನಕ್ಕೆ ಕೊಟ್ಟ. ಒಂದು ಕಿಲೋಗಿಂತ ತುಸು ಜಾಸ್ತಿ ತೂಕ, ಉದ್ದನೆಯ ಒಂದು ಹಿಡಿಕೆ. ಹಿಡಿಕೆ ಒತ್ತಿದಾಗ ಉಪ್ಪುನೀರು ಒಂದು ತೆಳು ಪೊರೆಯ ಮೇಲೆ ನುಗ್ಗುತ್ತದೆ, ಸಿಹಿನೀರು ಮಾತ್ರ ಆಚೆ ದಾಟುತ್ತದೆ. ಸಮುದ್ರದ ನೀರಿಗೆ ಇದು ನಡೆಯಬೇಕಾದರೆ ಒಳಗೆ 55 ಬಾರ್ ಆಸುಪಾಸು ಒತ್ತಡ ಬೇಕು, ಅಂದರೆ ಕಾರಿನ ಟೈರಿನ ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಮೀರಿ, ಅದೂ ನಮ್ಮ ಎರಡು ಕೈಗಳಿಂದ. ನಿಮಿಷಕ್ಕೆ 40 ಸಲ ಒತ್ತಿದರೆ ಗಂಟೆಗೆ 0.89 ಲೀಟರ್ ಅನ್ನುವುದು ತಯಾರಕರ ಲೆಕ್ಕ.

ಬಕೆಟ್ ಮುಂದೆ ಕೂತೆ. ಮೊದಲ ಕೆಲವು ನಿಮಿಷದ ನೀರನ್ನು ಚೆಲ್ಲಬೇಕು, ಪೊರೆ ಕೆಡದಿರಲೆಂದು ಹಾಕಿಟ್ಟ ರಾಸಾಯನಿಕ ಅದರಲ್ಲಿ ಬರುತ್ತದೆ. ಆಮೇಲೆ ಬಂದ ನೀರು ಬಾಯಿಗಿಟ್ಟರೆ ಉಪ್ಪಿನ ಸುಳಿವೇ ಇಲ್ಲ! ನಿಜವಾಗಲೂ ಮೈ ಜುಮ್ಮೆಂದಿತು. ಹತ್ತು ನಿಮಿಷಕ್ಕೆ ಮುಂಗೈ ಬಿಗಿಯತೊಡಗಿತು. ಹದಿನೈದಕ್ಕೆ ಕೈ ಬದಲಿಸಿದೆ. ಇಪ್ಪತ್ತು ನಿಮಿಷಕ್ಕೆ 280 ಮಿಲಿಲೀಟರ್ ಆಯಿತು, ಅಂಗಿ ಬೆನ್ನಿಗೆ ಅಂಟಿತ್ತು. ನೀರಿಗಾಗಿ ಬೆವರುವುದು ಅಂದರೆ ಏನು ಅಂತ ಆಗ ಅರ್ಥವಾಯಿತು. ಇಬ್ಬರಿಗೆ ತಲಾ ಒಂದು ಲೀಟರ್ ಅಂದರೂ ದಿನಕ್ಕೆ ಎರಡು ಗಂಟೆಗೂ ಜಾಸ್ತಿ ದುಡಿಮೆ, ಅದೂ ಅರೆಹೊಟ್ಟೆಯಲ್ಲಿ.

ಆದರೆ ಮೋಡವೋ ರಾತ್ರಿಯೋ, ಇದು ಕೈಕೊಡುವುದಿಲ್ಲ. 1989ರಲ್ಲಿ ತಿಮಿಂಗಿಲಗಳು ದೋಣಿ ಒಡೆದ ಮೇಲೆ ಬಿಲ್ ಮತ್ತು ಸಿಮೋನ್ ಬಟ್ಲರ್ ದಂಪತಿ ಪೆಸಿಫಿಕ್‌ನಲ್ಲಿ 66 ದಿನ ಉಳಿದದ್ದು ಇಂಥದ್ದೇ ಪಂಪಿನಿಂದ, ಅವರದು ಸ್ವಲ್ಪ ದೊಡ್ಡದು. ಇದರ ಬಲಹೀನತೆ ಪೊರೆ. ಎಣ್ಣೆ ತಾಗಿದರೆ, ಕ್ಲೋರಿನ್ ತಾಗಿದರೆ ಹಾಳು. ಬಳಸಿ ಸುಮ್ನೆ ಎತ್ತಿಟ್ಟರೆ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಲೋಕ ಮುಗಿದ ಮೇಲೆ ಹೊಸ ಪೊರೆ ಮಾಡಿಕೊಡುವ ಕಾರ್ಖಾನೆ ಎಲ್ಲಿದೆ?

ಮೂರನೆಯದು ಟಾರ್ಪಾಲು. ಲೆಕ್ಕ ಸುಲಭ: ಒಂದು ಚದರ ಮೀಟರಿನ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್. ನನ್ನ ಟಾರ್ಪಾಲು 3 ಚದರ ಮೀಟರ್. ಕಡಲ ಗಾಳಿಯಲ್ಲಿ ಉಪ್ಪು ಹತ್ತಿರುತ್ತದಲ್ಲ, ಅದಕ್ಕೇ ಉಪ್ಪುನೀರಲ್ಲಿ ಅದ್ದಿ ಒಣಗಿಸಿಟ್ಟಿದ್ದೆ. ಹತ್ತು ನಿಮಿಷದ ಜೋರು ಮಳೆ ಬಂತು. ಮೊದಲ ನೀರು ಬಾಯಿಗಿಡಲಾಗದಷ್ಟು ಉಪ್ಪು, ಚೆಲ್ಲಿದೆ. ಆಮೇಲೆ ಬಕೆಟ್‌ಗೆ 9 ಲೀಟರ್! ನನ್ನ ಟ್ರೇ ಅಷ್ಟು ಕೊಡಬೇಕಾದರೆ ಒಂದು ತಿಂಗಳ ಬಿಸಿಲು ಬೇಕು. ಗಾಳಿಗೆ ಮೂಲೆ ಕಿತ್ತು ಚೆಲ್ಲಿದ್ದು ಇದರ ಲೆಕ್ಕಕ್ಕೆ ಸೇರಿಲ್ಲ. 1942ರ ನವೆಂಬರಿನಲ್ಲಿ ಹಡಗು ಮುಳುಗಿ ಮರದ ತೆಪ್ಪದಲ್ಲಿ 133 ದಿನ ಕಳೆದ ಪೂನ್ ಲಿಮ್ ಮಳೆ ಹಿಡಿದದ್ದು ಲೈಫ್ ಜಾಕೆಟ್ಟಿನ ಕ್ಯಾನ್‌ವಾಸಿನಲ್ಲಿ. ಹರಿದರೆ ಹೊಲಿಯಬಹುದಾದ ಬಟ್ಟೆ, ಅಷ್ಟೇ. ತೊಂದರೆ ಏನೆಂದರೆ ಮಳೆ ಬರಬೇಕು, ಬಂದಾಗ ತುಂಬಿಡಲು ಡಬ್ಬಗಳಿರಬೇಕು.

ಹಾಗಾದರೆ ಯಾವುದು ಗೆದ್ದಿತು? ಕಥೆಯಲ್ಲಿ ಲೋಕ ಹೇಗೆ ಮುಗಿಯಿತು ಅನ್ನುವುದರ ಮೇಲೆ ನಿಂತಿದೆ. ಇದು ನನಗೆ ಮೊದಲು ಹೊಳೆದಿರಲಿಲ್ಲ. ರೋಗದಿಂದ ಮುಗಿದರೆ ಆಕಾಶ ಹಾಗೇ ಇರುತ್ತದೆ, ಬಿಸಿಲೂ ಮಳೆಯೂ ಉಳಿಯುತ್ತವೆ. ದೊಡ್ಡ ಅಣುಯುದ್ಧವಾದರೆ ಮಸಿ ಮೇಲೇರಿ ವರ್ಷಗಟ್ಟಲೆ ಸೂರ್ಯನನ್ನು ಮುಚ್ಚಬಹುದು. ಆಗ ಸೋಲಾರ್ ಸ್ಟಿಲ್ ಮೊದಲು ಸಾಯುತ್ತದೆ. ಕಡಲಿಂದ ಆವಿ ಕಮ್ಮಿಯಾಗಿ ಮಳೆಯೂ ಇಳಿಯುತ್ತದೆ, ಮೊದಲ ಮಳೆಯಲ್ಲಿ ವಿಕಿರಣದ ಭಯ ಬೇರೆ. ಅಲ್ಲಿ ಪಂಪೇ ಗತಿ. ನನ್ನ ಕಥೆಯಲ್ಲಿ ಇರುವುದು ಜ್ವಾಲಾಮುಖಿ. 1815ರಲ್ಲಿ ತಂಬೋರಾ ಸಿಡಿದು ಬಿಸಿಲು ಮಂಕಾಗಿ ಮರುವರ್ಷ ಯುರೋಪು, ಉತ್ತರ ಅಮೆರಿಕದಲ್ಲಿ ಬೇಸಿಗೆಯೇ ಬರಲಿಲ್ಲ, ನನ್ನದು ಅದಕ್ಕಿಂತ ದೊಡ್ಡದು.

ಅದಕ್ಕೇ ಸೋಲಾರ್ ಸ್ಟಿಲ್ ತೆಗೆದುಹಾಕಿದೆ. ಪಂಪು ಉಳಿದಿದೆ, ಆದರೆ 31ನೇ ದಿನ ಎಣ್ಣೆ ತೇಲುವ ನೀರಿನಲ್ಲಿ ಅದರ ಪೊರೆ ಹಾಳಾಗುತ್ತದೆ. ಕೂಡಿಟ್ಟ ನೀರು ತಳ ಕಂಡ 40ನೇ ದಿನ ಬೂದಿ ಬೆರೆತ ಮಳೆ. ಹುಡುಗಿ ಹಾಯಿಯನ್ನು ಜೋಳಿಗೆಯ ಹಾಗೆ ಕಟ್ಟಿ ಹಿಡಿಯುತ್ತಾಳೆ, ಮೊದಲ ಎರಡು ಬಕೆಟ್ ನೀರನ್ನು ಕಡಲಿಗೇ ಸುರಿಯುತ್ತಾಳೆ. ಯಾಕೆ ಅಂತ ಗೊತ್ತಿಲ್ಲದ ತಮ್ಮ ಅವಳ ಕೈ ಹಿಡಿದು ಎಳೆಯುತ್ತಾ ಚೀರಿ ಅಳುತ್ತಾನೆ.