ಮಗಳ ಮೊದಲ ಬಂದೂಕು: ಮೈಸೂರಿನ ಹಳೇ ಅಂಗಡಿ, ಜೋಡಿ ನಳಿಗೆ 12 ಬೋರ್

ಮೊದಲ ಬಂದೂಕು ಹೆಗಲಿಗೆ ಸರಿಯಾಗಿ ಕೂರಬೇಕು. ಕಂಪನಿ, ಕೆತ್ತನೆ, ಎಷ್ಟು ತೋಟಾ ಹಿಡಿಸುತ್ತದೆ ಅನ್ನೋದೆಲ್ಲ ಆಮೇಲೆ. ಇದನ್ನು ಅರ್ಥ ಮಾಡಿಕೊಂಡು ವ್ಯಾಪಾರ ಮಾಡುವ ಅಂಗಡಿ ಮೈಸೂರಿನಲ್ಲಿ ಸಿಕ್ಕಿತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಮಳವಳ್ಳಿ ಕಡೆ. ಕಬ್ಬು, ಭತ್ತ, ಸ್ವಲ್ಪ ಜೋಳ. ಮಗಳು ಅಗ್ರಿ ಬಿ.ಎಸ್‌ಸಿ. ಮುಗಿಸಿ ಜಮೀನು ತಾನೇ ನೋಡಿಕೊಳ್ಳುತ್ತಿದ್ದಾಳೆ. ರಾತ್ರಿ ಹಂದಿ ಹಿಂಡು ನುಗ್ಗಿದರೆ ಬೆಳಗ್ಗೆ ಗದ್ದೆ ನೋಡೋಕಾಗಲ್ಲ. ಹಾಗಾಗಿ ಬೆಳೆ ರಕ್ಷಣೆಯ ಲೈಸೆನ್ಸ್ ಅವಳ ಹೆಸರಿಗೇ ಮಾಡಿಸಿದೆವು. 21 ವರ್ಷ ತುಂಬದೆ ಲೈಸೆನ್ಸ್ ಕೊಡುವುದಿಲ್ಲ. ತರಬೇತಿ ಸರ್ಟಿಫಿಕೇಟ್, ಪೊಲೀಸ್ ವೆರಿಫಿಕೇಷನ್, ಡಿಸಿ ಕಚೇರಿ ಎಲ್ಲ ಮುಗಿಯುವ ಹೊತ್ತಿಗೆ ತಾಳ್ಮೆ ಬೇಕು. ಒಮ್ಮೆ ಬಂದರೆ 5 ವರ್ಷ ಚಾಲ್ತಿಯಲ್ಲಿರುತ್ತದೆ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ನಮ್ಮ ತಾತ ಬೇಟೆಗಾರರು, ಊರೆಲ್ಲ ಗೊತ್ತು. ಆ ಕಾಲ ಮುಗಿಯಿತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ, ಲೈಸೆನ್ಸ್ ಜೇಬಲ್ಲಿದೆ ಅಂತ ಹಂದಿಗೆ ನಮ್ಮಷ್ಟಕ್ಕೆ ನಾವೇ ಈಡು ಹೊಡೆಯುವ ಹಾಗಿಲ್ಲ. ನಮ್ಮ ಮನೆಯಲ್ಲಿ ಬಂದೂಕು ಇರುವುದು ಸದ್ದು ಮಾಡಿ ಓಡಿಸುವುದಕ್ಕೆ. ರೇಂಜಿನಲ್ಲಿ ಗಾಳಿಗೆ ಹಾರಿಸುವ ಕ್ಲೇ ಬಿಲ್ಲೆ ಹೊಡೆಯುವುದಕ್ಕೆ ಅವಳಿಗೆ ಇಷ್ಟ, ಅದು ಬೇರೆ.

ಅಂಗಡಿ ಚಿಕ್ಕದು. ಗೋಡೆಗೆ ಸರಪಳಿ ಹಾಕಿದ ಬಂದೂಕುಗಳು, ಎಣ್ಣೆ ವಾಸನೆ, ಹಿಂದೆ ಒಂದು ಮರಗೆಲಸದ ಮೇಜು. ಮಗಳ ಕಣ್ಣು ನೇರ ಪಂಪ್ ಆಕ್ಷನ್ ಕಡೆಗೇ, ಅಂದರೆ ನಳಿಗೆ ಕೆಳಗಿನ ಹಿಡಿ ಹಿಂದೆ ಮುಂದೆ ಎಳೆದು ತೋಟಾ ಏರಿಸುವ ಬಂದೂಕಿನ ಕಡೆಗೇ ಹೋಯಿತು. ನೋಡೋಕೆ ಚೆನ್ನಾಗಿಯೇ ಇದೆ, ಅಲ್ವಾ. ಅಂಗಡಿಯ ಯಜಮಾನರು ಬೇಡ ಅನ್ನಲಿಲ್ಲ. ಒಂದು ಜೋಡಿ ನಳಿಗೆ ಇಳಿಸಿ, ಮಡಚಿ, ಅವಳ ಮುಂದೆ ಹಿಡಿದರು. "ನೋಡಮ್ಮ, ಇದು ಬಿಚ್ಚಿಕೊಂಡಿದ್ರೆ ಹತ್ತು ಮಾರು ದೂರದಲ್ಲಿ ನಿಂತಿರೋನಿಗೂ ಖಾಲಿ ಅಂತ ಕಾಣುತ್ತೆ. ಪಂಪಲ್ಲಿ ಒಳಗಡೆ ಒಂದು ಉಳಿದುಬಿಟ್ರೆ ನಿನಗೂ ಕಾಣಲ್ಲ" ಎಂದರು. ಆಳುಕಾಳು, ಮಕ್ಕಳು ಓಡಾಡುವ ಮನೆಗೆ ಇದಕ್ಕಿಂತ ದೊಡ್ಡ ಕಾರಣ ಬೇಕಾ?

ಆಮೇಲೆ ಅವರು ಮಾಡಿದ್ದನ್ನು ವಿವರವಾಗಿ ಹೇಳಲೇಬೇಕು. ಮೊದಲು ಬಂದೂಕು ಖಾಲಿ ಅಂತ ಅವಳ ಕೈಯಲ್ಲೇ ನೋಡಿಸಿದರು. ಗೋಡೆಯ ಮೇಲಿನ ಒಂದು ಗುರುತು ತೋರಿಸಿ, ಕಣ್ಣು ಮುಚ್ಚಿಕೊಂಡು ಬಂದೂಕು ಹೆಗಲಿಗೆ ಏರಿಸಲು ಹೇಳಿದರು. ಕೆನ್ನೆ ಬಂದೂಕಿನ ಹಿಂಬದಿಯ ಮರಕ್ಕೆ ತಾಗಿದ ಮೇಲೆ ಕಣ್ಣು ಬಿಡಬೇಕು. ಕಣ್ಣು ನೇರವಾಗಿ ನಳಿಗೆಗಳ ನಡುವಿನ ಪಟ್ಟಿಯ ಮೇಲೆ ಹಾದು ತುದಿಯ ಮಣಿಗೆ ಸೇರಿದರೆ ಅಳತೆ ಸರಿ. ಮಗಳಿಗೆ ಪಟ್ಟಿ ಓರೆಯಾಗಿ ಕಂಡಿತು. ಬಂದೂಕಿನ ಬಟ್ (ಹೆಗಲಿಗೆ ಒರಗುವ ಹಿಂತುದಿ) ಬೇರೆ ಪ್ರತಿ ಸಲ ಕಂಕುಳಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಟ್ರಿಗರಿನಿಂದ ಬಟ್ ಕೊನೆಯವರೆಗೆ 14½ ಇಂಚು. ಎತ್ತರದ ಗಂಡಸಿಗೆ ಸರಿ, ಅವಳಿಗೆ ಉದ್ದ. ಉದ್ದ ಇದ್ದರೆ ಬಂದೂಕು ಹೆಗಲ ಗುಳಿಯಲ್ಲಿ ಕೂರದೆ ತೋಳಿನ ಮೇಲೆ ಕೂರುತ್ತದೆ. ಒದೆತವೂ ಅಲ್ಲೇ ಬೀಳುತ್ತದೆ. ಮೊದಲ ದಿನವೇ ತೋಳು ನೀಲಿಗಟ್ಟಿದರೆ ಹುಡುಗರು ಟ್ರಿಗರ್ ಎಳೆಯುವಾಗ ಕಣ್ಣು ಮುಚ್ಚುವುದನ್ನು ಕಲಿಯುತ್ತಾರೆ. ಆ ಅಭ್ಯಾಸ ಬಿಡಿಸುವುದು ಬಹಳ ಕಷ್ಟ.

ಮರ ಕತ್ತರಿಸಿ ರಬ್ಬರ್ ಪ್ಯಾಡ್ ಕೂರಿಸುವುದು ಅಂತಾಯಿತು. ಮಿಸ್ತ್ರಿ ಒಮ್ಮೆಲೇ ಗರಗಸ ಹಾಕಲಿಲ್ಲ. ಸ್ವಲ್ಪ ತೆಗೆಯುವುದು, ಅವಳ ಕೈಗೆ ಕೊಟ್ಟು ಏರಿಸಿ ನೋಡುವುದು, ಮತ್ತೆ ತೆಗೆಯುವುದು. ಮೂಗಿಗೂ ಹಿಡಿದ ಕೈಯ ಹೆಬ್ಬೆರಳಿಗೂ ನಡುವೆ ಎರಡು ಬೆರಳು ಜಾಗ ಬರುವವರೆಗೆ ಬಿಡಲಿಲ್ಲ. ಕತ್ತರಿಸಿದ ತುಂಡನ್ನೂ ಕವರಿಗೆ ಹಾಕಿ ಕೊಟ್ಟರು. ಮುಂದೆ ತಮ್ಮನೋ ಗಂಡನೋ ಬಳಸುವುದಾದರೆ ಸೇರಿಸಬಹುದಂತೆ.

ಹಗುರ ಇರಲಿ ಅಂತ 20 ಬೋರ್ (12ಕ್ಕಿಂತ ಸಣ್ಣ ನಳಿಗೆಯದು) ಕೇಳಿದ್ದು ನಾನು. ಮನೆಯಲ್ಲಿ ಇನ್ನೊಂದು ಬಂದೂಕು ಇದೆಯಾ ಅಂತ ಅವರು ವಿಚಾರಿಸಿದರು. ಇದೆ, ನನ್ನದು 12. ಹಾಗಾದರೆ ಬೇಡವೇ ಬೇಡ ಎಂದರು. 20ರ ತೋಟಾ ಅಪ್ಪಿತಪ್ಪಿ 12ರ ನಳಿಗೆಗೆ ಬಿದ್ದರೆ ಮುಂದೆ ಜಾರಿ ಸಿಕ್ಕಿಕೊಳ್ಳುತ್ತದೆ. ನೋಡಿದರೆ ಖಾಲಿ ಅನ್ನಿಸುತ್ತದೆ. ಹಿಂದಿನಿಂದ 12ರದ್ದು ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ, ಎಡಗೈ ಹೋಗುತ್ತದೆ. ಒದೆತದ ಲೆಕ್ಕದಲ್ಲೂ, ಅಷ್ಟೇ ಚರೆ ಹೊಡೆದರೆ ಹಗುರ ಬಂದೂಕೇ ಜಾಸ್ತಿ ಒದೆಯುವುದು. ಮೂರು ಕೆಜಿ ಮೇಲಿನ 12 ಬೋರಿಗೆ 24 ಅಥವಾ 28 ಗ್ರಾಂ ಚರೆಯ ತೋಟಾ ಹಾಕಿದರೆ ಹೊಸಬರಿಗೆ ಆರಾಮ.

ಬಂದೂಕಿನ ಬಗ್ಗೆ ಹೇಳುವುದಾದರೆ, ನಮ್ಮ ದೇಶದಲ್ಲೇ ತಯಾರಾದ ಡಿಬಿಬಿಎಲ್, ಅಂದರೆ ಹಿಂದಿನಿಂದ ತೋಟಾ ತುಂಬುವ ಜೋಡಿ ನಳಿಗೆ. ಚೇಂಬರ್ (ನಳಿಗೆ ಬುಡದಲ್ಲಿ ತೋಟಾ ಕೂರುವ ಗೂಡು) 70 ಮಿಮೀ. 65 ಮಿಮೀ ಚೇಂಬರಿನ ಹಳೇ ಬಂದೂಕು ಕೊಳ್ಳುವವರು ನಳಿಗೆಯ ಬುಡದ ಮುದ್ರೆ ಓದದೆ ತೋಟಾ ತಗೊಳ್ಳಬೇಡಿ. ಎರಡು ಟ್ರಿಗರ್, ಮುಂದಿನದು ಬಲ ನಳಿಗೆಗೆ, ಹಿಂದಿನದು ಎಡಕ್ಕೆ. ಹಿಂದಿನ ಟ್ರಿಗರ್ ಬಹಳ ಬಿಗಿ. ಮರದ ಪಾಲಿಶ್ ಸುಮಾರು. ಮಡಚುವಾಗ ಮೊದಮೊದಲು ಮೊಣಕಾಲಿನ ಸಹಾಯ ಬೇಕಾಗುತ್ತಿತ್ತು, ಬಳಸುತ್ತಾ ಸಡಿಲವಾಗಿದೆ. ಆದರೆ ಚರೆ ಹರಡುವುದು ಸಮವಾಗಿದೆ. ದೊಡ್ಡ ಪೇಪರ್ ಕಟ್ಟಿ ಹೊಡೆದು ನೋಡಿದೆವು, ನಡುವೆ ಎಲ್ಲೂ ಬೋಳು ಜಾಗ ಇಲ್ಲ.

ಅಂಗಡಿಯ ಬಗ್ಗೆ ನನ್ನ ತಕರಾರು ಎರಡು. ಬೆಲೆಪಟ್ಟಿ ಎಲ್ಲೂ ಹಾಕಿಲ್ಲ, ಪ್ರತಿಯೊಂದಕ್ಕೂ ಕೇಳಬೇಕು. ಮರಗೆಲಸದ ಕೂಲಿಯನ್ನು ಬಿಲ್ಲಿನಲ್ಲಿ ಸೇರಿಸದೆ ಬೇರೆ ತಗೊಂಡರು. ಮೊದಲೇ ಹೇಳಿದ್ದರೆ ಚೆನ್ನಾಗಿತ್ತು. ಮಾತು ಮಾತ್ರ ಬಹಳ ಚೆನ್ನ. ಮಗಳ ಲೈಸೆನ್ಸ್ ಅಂತ ಪ್ರತಿ ಪ್ರಶ್ನೆಯನ್ನೂ ಅವಳಿಗೇ ಕೇಳಿದರು, ನನಗಲ್ಲ. ಅದು ನನಗೆ ತುಂಬಾ ಹಿಡಿಸಿತು.

ಹೋಗುವವರು ಲೈಸೆನ್ಸ್ ಪುಸ್ತಕದ ಮೂಲ ಪ್ರತಿಯನ್ನೇ ತಗೊಂಡು ಹೋಗಿ. ಝೆರಾಕ್ಸ್ ತೋರಿಸಿದರೆ ಬಂದೂಕು ಕೈಗೆ ಕೊಡುವುದಿಲ್ಲ. ಯಾರು ಬಳಸುತ್ತಾರೋ ಅವರೇ ಬರಬೇಕು, ಬಿಡುವು ಮಾಡಿಕೊಂಡು ಬೆಳಗ್ಗೆಯೇ ಹೋಗಿ. ಸಂಜೆ ಮಿಸ್ತ್ರಿ ಇರುವುದಿಲ್ಲ.