ಜಿಗಿಹುಳಕ್ಕೆ ಮೂರು ಎಕರೆ, ಮೂರು ದಾರಿ

ನಮ್ಮದು ಹಾವೇರಿ ಕಡೆಯ ಎರೆ ಹೊಲ, ಮಳೆ ನಂಬಿದ ಬಿಟಿ ಹತ್ತಿ. ಬಿಟಿ ಇರೋದು ಕಾಯಿಕೊರಕಕ್ಕೆ. ರಸ ಹೀರುವ ಜಿಗಿಹುಳ, ಸಸ್ಯಹೇನು, ಥ್ರಿಪ್ಸ್ ಅದಕ್ಕೆ ಹೆದರುವುದಿಲ್ಲ. ಬೀಜಕ್ಕೆ ಹಚ್ಚಿ ಬಂದ ಔಷಧಿ ಮೂರು-ನಾಲ್ಕು ವಾರ ಕಾಯುತ್ತದೆ, ಆಮೇಲೆ ನಮ್ಮ ಪಾಡು. ಹೋದ ಹಂಗಾಮಿನಲ್ಲಿ ಒಂದೊಂದು ಎಕರೆಗೆ ಒಂದೊಂದು ಥರ ಮಾಡಿ ನೋಡಿದೆ.

ಮೊದಲ ಎಕರೆಗೆ ಹಳೇ ಇಮಿಡಾಕ್ಲೋಪ್ರಿಡ್ (ಶೇ 17.8) ಸ್ಪ್ರೇ. ಲೀಟರಿಗೆ ಕಾಲು ಎಂಎಲ್, 16 ಲೀಟರ್ ಪಂಪಿಗೆ 4 ಎಂಎಲ್. ಹೇನು ಎರಡೇ ದಿನಕ್ಕೆ ಹೋಯಿತು. ಜಿಗಿಹುಳ ಮಾತ್ರ ವಾರ ಕಳೆಯುವುದರೊಳಗೆ ಮತ್ತೆ ಹಾಜರು. ತಪ್ಪು ನನ್ನದೇ. ಹಿಂದಿನ ವರ್ಷಗಳಲ್ಲಿ ಒಮ್ಮೆ ಇಮಿಡಾ, ಒಮ್ಮೆ ಅಸಿಟಾಮಿಪ್ರಿಡ್, ಒಮ್ಮೆ ಥಯಾಮೆಥಾಕ್ಸಾಮ್ ಹೊಡೆದು, ಔಷಧಿ ಬದಲಿಸಿದೆ ಅಂದುಕೊಂಡಿದ್ದೆ. ಮೂರೂ ಒಂದೇ ನಿಯೋನಿಕೋಟಿನಾಯ್ಡ್ ಮನೆತನ! ಡಬ್ಬಿ ಬದಲಾಗಿತ್ತು ಅಷ್ಟೇ, ಹುಳ ಆ ಔಷಧಿಗೆ ಒಗ್ಗಿಹೋಗಿತ್ತು.

ಎರಡನೇ ಎಕರೆಗೆ ಫ್ಲೋನಿಕಮಿಡ್ (ಶೇ 50), ಪಂಪಿಗೆ ಸುಮಾರು 5 ಗ್ರಾಂ. ರೇಟು ಜಾಸ್ತಿ. ಮರುದಿನ ಬೆಳಿಗ್ಗೆ ಎಲೆ ಮಗುಚಿದೆ: ತಿಳಿಹಸಿರು ಮರಿಗಳು ಅಡ್ಡಡ್ಡ ಓಡಾಡುತ್ತಲೇ ಇದ್ದವು. ದುಡ್ಡು ಹೋಯಿತು ಅಂದುಕೊಂಡೆ. ಆದರೆ ಇದು ಹುಳವನ್ನು ತಕ್ಷಣ ಕೆಡವುವುದಿಲ್ಲ. ರಸ ಹೀರುವುದನ್ನು ನಿಲ್ಲಿಸುತ್ತದೆ, ಹುಳ ಹಸಿದು ಸಾಯುತ್ತದೆ. ಐದನೇ ದಿನ ಎಲೆಯಡಿ ಹುಡುಕಬೇಕಾಯಿತು. ಹಳೇ ಎಲೆಯ ಅಂಚು ಕೆಂಪಾಗಿ ಕೆಳಕ್ಕೆ ಮುದುಡಿದ್ದು ಹಾಗೇ ಉಳಿಯಿತು, ಹೊಸ ಚಿಗುರು ಮಾತ್ರ ಹಸನಾಗಿ ಬಂತು. ಅಂಗಡಿಯವರು ಜೊತೆಗೊಂದು ಪೈರಿಥ್ರಾಯ್ಡ್ (ಹುಳವನ್ನು ತಕ್ಷಣ ಕೆಡವುವ ಔಷಧಿ) ಬೆರೆಸಿ ಅಂದರು. ಬಿಳಿನೊಣ ಏಳುತ್ತದೆ ಅಂತ ನಾನು ಬೆರೆಸಲಿಲ್ಲ.

ಮೂರನೇ ಎಕರೆಗೆ ಹೊಡೆಯಲೇ ಇಲ್ಲ, ಕಾಂಡಕ್ಕೆ ಹಚ್ಚಿದೆ. ಇಮಿಡಾ ಒಂದು ಪಾಲು, ನೀರು 20 ಪಾಲು. ಕೋಲಿನ ತುದಿಗೆ ಸ್ಪಂಜು ಕಟ್ಟಿ, ಗಿಡದ ಹಸಿರು ಕಾಂಡಕ್ಕೆ ಒಂದು ಎಳೆ. ಬಿತ್ತಿದ ಮೇಲೆ 20, 40, 60ನೇ ದಿನ. ಸ್ಪ್ರೇಗೆ ಜಗ್ಗದ ಜಿಗಿಹುಳ ಇಲ್ಲಿ ಕಡಿಮೆ ಆಯಿತು. ಎಲೆ ಮೇಲೆ ಔಷಧಿ ಬೀಳದ್ದರಿಂದ ಗುಲಗಂಜಿ ಹುಳ ಆರಾಮಾಗಿ ಹೇನು ತಿನ್ನುತ್ತಾ ಕೂತಿತ್ತು. ಗಾಳಿ, ತುಂತುರು ಮಳೆ ಅಂತ ಕಾಯುವುದೂ ಇಲ್ಲ. ಕಷ್ಟ ಒಂದೇ, ಸೊಂಟ! ಆಳು ಜಾಸ್ತಿ ಬೇಕು. 60ನೇ ದಿನಕ್ಕೆ ಕಾಂಡ ಬಲಿತು, ಹಚ್ಚಿದ್ದು ಇಳಿಯುತ್ತದೋ ಇಲ್ಲವೋ ಅನ್ನಿಸಿತು.

ಈ ವರ್ಷ 20 ಮತ್ತು 40ನೇ ದಿನ ಹಚ್ಚುತ್ತೇನೆ. ಆಮೇಲೆ ಎಲೆಗೆ ಎರಡು ಜಿಗಿಹುಳ ದಾಟಿದರೆ ಮಾತ್ರ ಫ್ಲೋನಿಕಮಿಡ್. ಇಮಿಡಾ ಸ್ಪ್ರೇ ಬಿಟ್ಟೆ, ಹೂ ಬಿಟ್ಟಾಗ ಜೇನು ಬರುತ್ತವೆ ಅಲ್ವಾ. ಸ್ಪಂಜು ಕಟ್ಟಿದ ಕೋಲು, ರಬ್ಬರ್ ಕೈಗವಸು ಕೊಟ್ಟಿಗೆಯಲ್ಲಿ ಹಾಗೇ ಇವೆ.